ಇನ್ನೂರ ಹನ್ನೆರಡನೇ ಪುಟದ ಅರ್ಧ ಬಳೆ

ಫೆಬ್ರವರಿ ೯, ಭಾನುವಾರ

ಪ್ರೀತಿಯ ಗುಂಡ,

ಅಕ್ಕನ ತುಂಬು ಆಶೀರ್ವಾದ. ಐವತ್ತಮೂರು ವರ್ಷದ ಗಂಡಸನ್ನು ಇನ್ನೂ ಗುಂಡ ಎಂದು ಕರೆಯುತ್ತೇನೆಂದು ನಿನ್ನ ಹೆಂಡತಿ ನಗುತ್ತಾಳಂತೆ, ನಗಲಿ. ನಿನ್ನ ಡಿಸೆಂಬರಿನ ಕಾಗದಕ್ಕೆ ಫೆಬ್ರವರಿಯಲ್ಲಿ ಉತ್ತರ ಬರೆಯಲು ಕೂತಿದ್ದೇನೆ, ಹೊಟ್ಟೆಗೆ ಹಾಕಿಕೋ. ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಈ ಊರಿನಲ್ಲಿ ದಪ್ಪ ಆದವರೆಲ್ಲ ಮಾತಾಡಿಕೊಂಡು ಒಂದೇ ತಿಂಗಳಲ್ಲಿ ಹಳೇ ಕೋಟು, ಹಳೇ ಲಂಗ ಹೊತ್ತುಕೊಂಡು ಬಂದಿದ್ದಾರೆ. ಹೊಲಿಗೆ ಬಿಚ್ಚಿ ಅಗಲ ಮಾಡಿ ಮಾಡಿ ನನ್ನ ಬೆರಳ ತುದಿ ಮರಗಟ್ಟಿಹೋಗಿದೆ. "ಒಂದಿಂಚು ಬಿಟ್ರೆ ಸಾಕು" ಅನ್ನುತ್ತಾರೆ. ಟೇಪು ಹಿಡಿದರೆ ಮೂರಿಂಚು. ಪಾಪ, ಅವರ ಮರ್ಯಾದೆಗೆಂದು ನಾನೂ "ಹೌದು, ಒಂದೇ ಇಂಚು" ಎಂದುಬಿಡುತ್ತೇನೆ.

ನಿನ್ನ ಕಾಲು ಹೇಗಿದೆ? ಚಳಿಗೆ ಮಂಡಿ ಹಿಡಿದುಕೊಳ್ಳುತ್ತದೆ ಎಂದು ಬರೆದಿದ್ದೆ. ಎಂಟು ಗಂಟೆ ಗಡಿಯಾರಗಳ ಮೇಲೆ ಮುದುರಿ ಕೂತರೆ ಹಿಡಿಯದೆ ಏನು ಮಾಡುತ್ತದೆ? ಗಂಟೆಗೊಮ್ಮೆ ಎದ್ದು ಓಡಾಡು. ಹೊತ್ತು ಗೊತ್ತಾಗಲಿಲ್ಲ ಎನ್ನುವ ನೆಪ ನಿನ್ನ ಅಂಗಡಿಯಲ್ಲಂತೂ ನಡೆಯುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಹೇಳಲು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ನೀನು "ಗಿರಾಕಿ ಬಂದ್ರು ಅಕ್ಕ" ಎಂದು ಇಟ್ಟುಬಿಟ್ಟೆ. ವಿಷಯ ಅಮ್ಮನದು. ನೋಡು, ಈಗಲೇ ಹುಬ್ಬು ಗಂಟಿಕ್ಕಿದ್ದೀಯ. ದಯವಿಟ್ಟು ಕಾಗದ ಮಡಿಸಬೇಡ, ಪೂರ್ತಿ ಓದು.

ಅಮ್ಮ ಹೋದ ಮೇಲೆ ಅವಳ ಪುಸ್ತಕದ ಪೆಟ್ಟಿಗೆ ಏನು ಮಾಡೋಣ ಎಂದು ಕೇಳಿದ್ದೆ. "ತೂಕಕ್ಕೆ ಹಾಕು" ಎಂದಿದ್ದೆ ನೀನು. ನಾನು ಹಾಕಲಿಲ್ಲ, ಇಲ್ಲಿನ ಮ್ಯೂಸಿಯಮ್ಮಿಗೆ ಕೊಟ್ಟೆ. ಕೊಟ್ಟು ಆರು ವರ್ಷವಾಯಿತು, ಮೊದಲ ಮೂರು ವರ್ಷ ಅವರ ನೆಲಮಾಳಿಗೆಯಲ್ಲಿ ಅದರ ಬೀಗವನ್ನೂ ಯಾರೂ ತೆಗೆದಿರಲಿಲ್ಲ. ಆಮೇಲೆ ಅಲ್ಲಿಗೆ ಒಬ್ಬ ಹುಡುಗಿ ಕ್ಯುರೇಟರ್ ಆಗಿ ಬಂದಳು. ಮೂವತ್ತು ದಾಟಿರಬಹುದು, ಕಡ್ಡಿಯ ಹಾಗಿದ್ದಾಳೆ, ಮಾತಾಡುವಾಗ ಕನ್ನಡಕ ತೆಗೆದು ಒರೆಸುತ್ತಲೇ ಇರುತ್ತಾಳೆ. ಪೆಟ್ಟಿಗೆ ತೆರೆದವಳು ಅವಳು. ಒಳಗೆ ಅಮ್ಮ ಬರೆದ ಆ ಒಂದೇ ಒಂದು ಕಾದಂಬರಿಯ ನೋಟ್‌ಬುಕ್ಕುಗಳು, ಅವುಗಳ ಕೆಳಗೆ ಮೇಷ್ಟ್ರ ದೊಡ್ಡ ಕಾದಂಬರಿ. ಮೇಷ್ಟ್ರು ಎಂದರೆ ಇನ್ನ್ಯಾರು, ನಿಮ್ಮೂರ ಬಸ್ ನಿಲ್ದಾಣದ ಮುಂದೆ ಕಲ್ಲಾಗಿ ನಿಂತಿದ್ದಾರಲ್ಲ, ಅವರೇ. ಆ ಪುಸ್ತಕದ ಅಂಚಿನಲ್ಲೆಲ್ಲ ಅಮ್ಮನ ಪೆನ್ಸಿಲ್ ಗುರುತುಗಳು. ಅದನ್ನು ನೋಡಿ ಹುಡುಗಿಗೆ ಹುಚ್ಚು ಹಿಡಿಯಿತು. ಮಾರ್ಚ್ ಎಂಟಕ್ಕೆ ಪ್ರದರ್ಶನ. ಹೆಸರು "ದೀಪದಿಂದ ದೀಪ". ಮೇಷ್ಟ್ರ ಬರವಣಿಗೆ ನಮ್ಮಮ್ಮನ ಬರವಣಿಗೆಯ ಮೇಲೆ ಬೀರಿದ ಪ್ರಭಾವ, ಮೂರು ಕೋಣೆ ತುಂಬ.

ಹೋದ ಬುಧವಾರ ನನ್ನನ್ನು ಕರೆಸಿದ್ದಳು. ಉದ್ದನೆಯ ಮೇಜು, ಬಿಳಿ ದೀಪ, ಮೆತ್ತೆಯ ಮೇಲೆ ಆ ಪುಸ್ತಕ. ಮುಟ್ಟುವ ಮೊದಲು ಕೈ ತೊಳೆದು ಬರಲು ಹೇಳಿದಳು. ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿದ್ದಳು.

"ನೋಡಿ ಅಮ್ಮ, ಚುಕ್ಕಿ ಇರೋ ಕಡೆ ಭಾಷೆ. ಗೀಟು ಇರೋ ಕಡೆ ಕಥೆಯ ಕಟ್ಟು. ಅಲೆ ಇರೋ ಕಡೆ ಭಾವನೆ. ಈ ಅರ್ಧ ವೃತ್ತ ಇದೆಯಲ್ಲ, ಅದು ಬಹಳ ಮುಖ್ಯ, ಪಾತ್ರಗಳ ಒಳಮನಸ್ಸು. ಒಟ್ಟು ನೂರಾ ಅರವತ್ತು ಗುರುತು. ಇದನ್ನ ಬಿಡಿಸೋಕೆ ನನಗೆ ಎರಡು ವರ್ಷ ಹಿಡೀತು" ಎಂದಳು.

ನಗು ಒತ್ತರಿಸಿ ಬಂತು ಗುಂಡ, ಕೆಮ್ಮಿದ ಹಾಗೆ ಮಾಡಿದೆ. ಚುಕ್ಕಿ ನಾನು. ಗೀಟು ಅಪ್ಪ, ಬಚ್ಚಲಿನಿಂದ "ಟವೆಲ್!" ಎಂದು ಕೂಗುತ್ತಿದ್ದರಲ್ಲ. ಅಲೆ ಎಂದರೆ ಒಲೆಯ ಮೇಲೆ ಉಕ್ಕಿದ ಹಾಲು. ಅರ್ಧ ಬಳೆ ನೀನು, ತೊಟ್ಟಿಲಲ್ಲಿದ್ದಾಗಲೇ ಅವಳ ಬಳೆ ಒಡೆದವನು. ಯಾವ ಪುಸ್ತಕ ಓದುವಾಗಲೂ ಯಾರು ಎಬ್ಬಿಸಿದರೋ ಅವರ ಗುರುತನ್ನು ಅಂಚಿಗೆ ಹಾಕಿ, ಪುಸ್ತಕ ಮುಚ್ಚಿ ಏಳುತ್ತಿದ್ದಳು. ಚೀಟಿ ಇಟ್ಟರೆ ನಾವು ಎಳೆದು ದೋಣಿ ಮಾಡುತ್ತಿದ್ದೆವು, ಹಾಳೆಯ ಮೂಲೆ ಮಡಿಸುವುದು ಅವಳ ಪ್ರಕಾರ ಕೊಲೆಗೆ ಸಮ. ಭಾನುವಾರ ಗುರುತು ಎಣಿಸಿ, ಯಾರದು ಹೆಚ್ಚೋ ಅವರು ತಟ್ಟೆ ಒರೆಸಬೇಕಿತ್ತು. ನೀನು ಹತ್ತು ವರ್ಷದವನಾಗುವವರೆಗೂ ತಟ್ಟೆ ಒರೆಸಿದ್ದೀಯ, ಮರೆತಿರಲಾರೆ.

ಅಷ್ಟರಲ್ಲಿ ಹುಡುಗಿ ಒಂದು ದೊಡ್ಡ ಹಾಳೆ ಬಿಚ್ಚಿದಳು. ಇನ್ನೂರ ಹನ್ನೆರಡನೇ ಪುಟದ ಚಿತ್ರ. ಅಂಚಿನಲ್ಲಿ ಅರ್ಧ ಬಳೆ, ಪಕ್ಕದಲ್ಲಿ ಶಾಯಿಯಲ್ಲಿ ಒಂದು ತಾರೀಕು.

"ಇಡೀ ಪುಸ್ತಕದಲ್ಲಿ ತಾರೀಕು ಇರೋದು ಇಲ್ಲೊಂದೇ ಕಡೆ. ಇಲ್ಲಿಂದ ಮುಂದೆ ಒಂದೂ ಗುರುತಿಲ್ಲ. ಅಷ್ಟು ಮುಳುಗಿಹೋದ್ರು ಅನ್ಸುತ್ತೆ, ಗುರುತು ಹಾಕೋದೇ ಮರೆತರು. ನಿಮ್ಮಮ್ಮ ಲೇಖಕಿಯಾಗಿ ಹುಟ್ಟಿದ ದಿನ ಇದು" ಎಂದಳು. ಅದನ್ನು ಮೊದಲ ಕೋಣೆಯ ಗೋಡೆಗೆ ಆಳೆತ್ತರ ಬರೆಸುತ್ತಾಳಂತೆ.

ತಾರೀಕು ಯಾವುದೆಂದು ಇಲ್ಲಿ ಬರೆಯುವುದಿಲ್ಲ, ನಿನಗೆ ಗೊತ್ತು. ನಿನಗೆ ನಾಲ್ಕು ವರ್ಷ, ನನಗೆ ಹನ್ನೊಂದು. ಹಿಂದಿನ ಓಣಿಯಲ್ಲಿ ಬಡಗಿಯ ಮರದ ರಾಶಿ ಜಾರಿ ನಿನ್ನ ಕಾಲು ಜಜ್ಜಿಹೋದ ದಿನ.

ಅಲ್ಲಿಗೂ ಮುಗಿಯಲಿಲ್ಲ. ಮೂರನೆಯ ಕೋಣೆಯ ಕೊನೆಯ ಫಲಕದ ಮೇಲೆ "ಕೊನೆಯ ಪುಟ: ಗುರುವಿನ ಪಡಿನೆರಳು" ಎಂದು ಬರುತ್ತದಂತೆ. ಮೇಷ್ಟ್ರ ಕೊನೆಯ ಪುಟ ಒಂದು ಕಡೆ, ಅಮ್ಮನ ಕೊನೆಯ ಪುಟ ಇನ್ನೊಂದು ಕಡೆ. ಎರಡೂ ಒಂದೇ ಥರ ಮುಗಿಯುತ್ತವೆ. ಅಮ್ಮನ ಕಾದಂಬರಿ ಬಂದಾಗ ಆ ವಾರಪತ್ರಿಕೆಯವನು "ಕೊನೆಯನ್ನು ಮೇಷ್ಟ್ರ ಮನೆಯಿಂದ ಕದ್ದು ತಂದಿದ್ದಾರೆ" ಎಂದು ಬರೆದಿದ್ದನಲ್ಲ, ಅದನ್ನೇ ಈಗ ಮರ್ಯಾದೆಯ ಮಾತಿನಲ್ಲಿ ಗೋಡೆಗೆ ಹಾಕುತ್ತಿದ್ದಾರೆ. ಆ ಒಂದು ವಾಕ್ಯಕ್ಕೆ ಅಮ್ಮ ಮತ್ತೆ ಪೆನ್ನು ಮುಟ್ಟಲಿಲ್ಲ. ಆಗ ನಿನಗೆ ಹತ್ತು ವರ್ಷ, ನಿನಗೆ ಅದರಿಂದ ಬೇಸರವೇನೂ ಆಗಿರಲಿಲ್ಲ.

ಗುಂಡ, ಅಮ್ಮ ಆ ಪುಸ್ತಕವನ್ನು ಇನ್ನೂರ ಹನ್ನೆರಡನೇ ಪುಟದಿಂದ ಮುಂದೆ ಓದೇ ಇಲ್ಲ. ಓದದ ಪುಟವನ್ನು ಹೇಗೆ ಕದಿಯುತ್ತಾಳೆ? ಗುರುತುಗಳ ಅರ್ಥ ತಿಳಿದವರು ಬದುಕಿರುವುದು ನಾವಿಬ್ಬರೇ. ಇಪ್ಪತ್ತೇಳಕ್ಕೆ ಫಲಕಗಳು ಅಚ್ಚಿಗೆ ಹೋಗುತ್ತವೆ. ನಾನು ಹೋಗಿ ಹೇಳುತ್ತೇನೆ, ನೀನೂ ಎರಡು ಸಾಲು ಬರೆದುಕೊಡು, ಸಾಕು. ಮನೆಯವರಿಗೆಲ್ಲ ಆಶೀರ್ವಾದ.

ನಿನ್ನ
ಅಕ್ಕ


ಫೆಬ್ರವರಿ ೨೦, ಗುರುವಾರ

ಪ್ರೀತಿಯ ಗುಂಡ,

ನಿನ್ನ ಕಾರ್ಡು ಬಂತು. ಕ್ಷೇಮ ಸಮಾಚಾರ ಸೇರಿ ನಾಲ್ಕು ಸಾಲು. "ಆ ಪುಸ್ತಕದ ಮಾತು ನನ್ನ ಹತ್ರ ಎತ್ತಬೇಡ. ಅದನ್ನ ಓದ್ತಾ ಕೂತಿದ್ದಕ್ಕೆ ನಾನು ಕುಂಟ ಆದೆ. ನನಗೆ ಮೂರು ಆಪರೇಷನ್ ಆದಾಗ ಯಾರೂ ಗೋಡೆ ಮೇಲೆ ತಾರೀಕು ಬರೆಸಲಿಲ್ಲ." ಅಂಚೆಯವನ ಮುಂದೆಯೇ ಓದಿಬಿಟ್ಟೆ, ಅವನು ಪಾಪ ಮಿಕ್ಕ ಕಾಗದ ಕೊಡುವುದನ್ನೂ ಮರೆತು ಹೋದ. ಮೂರು ದಿನ ಉತ್ತರ ಬರೆಯಲಾಗಲಿಲ್ಲ, ಅದಕ್ಕೆ ತಡ. ಸಿಟ್ಟಿನಿಂದಲ್ಲ. ನಿನಗೆ ಹಾಗೆ ಬರೆಯುವ ಹಕ್ಕಿದೆ.

ನೀನು ಬರೆಯದಿದ್ದರೂ ನಾನು ಸುಮ್ಮನೆ ಕೂರಲಿಲ್ಲ. ಸೋಮವಾರ ಅಂಗಡಿ ಅರ್ಧ ದಿನ ಮುಚ್ಚಿ ಮ್ಯೂಸಿಯಮ್ಮಿಗೆ ಹೋದೆ. ಹುಡುಗಿ ಮೊಣಕಾಲೂರಿ ಗಾಜಿನ ಪೆಟ್ಟಿಗೆಯ ಕೆಳಗೆ ಮಟ್ಟ ನೋಡುತ್ತಿದ್ದಳು. ನಿಂತಲ್ಲೇ ಹೇಳಿಬಿಟ್ಟೆ. ಚುಕ್ಕಿ ನಾನು, ಗೀಟು ಅಪ್ಪ, ಅಲೆ ಹಾಲು, ಅರ್ಧ ಬಳೆ ತಮ್ಮ, ಆ ತಾರೀಕು ಅವನ ಕಾಲು ಹೋದ ದಿನ. ಅವಳು ನೆಲದ ಮೇಲೇ ಕೂತಳು. ಕನ್ನಡಕ ತೆಗೆದವಳು ಒರೆಸಲಿಲ್ಲ, ಹಾಗೇ ಹಿಡಿದುಕೊಂಡಿದ್ದಳು.

"ಹಾಲಾ?" ಎಂದಳು.

"ಹಾಲೇ ಕಣಮ್ಮ. ಬೇಕಾದ್ರೆ ಎಣಿಸಿ ನೋಡು, ಅಲೆ ಬಂದ ಕಡೆಯೆಲ್ಲ ಕಥೆ ಸ್ವಾರಸ್ಯವಾಗಿರುತ್ತೆ. ಅಮ್ಮ ಮೈಮರೆತಾಗಲೇ ತಾನೇ ಹಾಲು ಉಕ್ಕೋದು?"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳ ಕೆಲಸ ಕಾಯಂ ಅಲ್ಲವಂತೆ, ಈ ಪ್ರದರ್ಶನ ಚೆನ್ನಾಗಿ ಆದರೆ ಮಾಡುತ್ತಾರಂತೆ. ಎರಡು ವರ್ಷದ ದುಡಿಮೆಯನ್ನು ನಾನು ಬಂದು ಒಂದು ಪಾತ್ರೆ ಹಾಲಿನಲ್ಲಿ ಮುಳುಗಿಸಿದೆ. ಮನಸ್ಸಿಗೆ ಕೆಟ್ಟದೆನಿಸಿತು. ಆದರೂ ಅವಳು ಬಾಯಿ ಮಾಡಲಿಲ್ಲ, ಎದ್ದು ಬಾಗಿಲು ಹಾಕಿ ಬಂದು ಎದುರು ಕೂತಳು.

"ನಾನು ನಂಬ್ತೀನಿ. ಆದ್ರೆ ನೀವು ಮಗಳು. ಅಮ್ಮನ ಮೇಲಿನ ಆರೋಪ ತೊಳೆಯೋಕೆ ಮಗಳು ಕಟ್ಟಿದ ಕಥೆ ಅಂತಾರೆ. ಮೇಷ್ಟ್ರ ಮಗ ಅಂತೂ ಖಂಡಿತ ಅಂತಾರೆ. ಮೇಷ್ಟ್ರ ಕೈಬರಹ ಕೊಟ್ಟಿರೋದು ಅವರು, ಸಿಟ್ಟು ಬಂದ್ರೆ ವಾಪಸ್ ತಗೊಂಡು ಹೋಗ್ತಾರೆ" ಎಂದಳು.

"ಹಾಗಾದ್ರೆ ಏನು ಮಾಡ್ಬೇಕು?"

"ಅರ್ಧ ಬಳೆ ಯಾರದೋ ಅವರೇ ಹೇಳ್ಲಿ. ನಿಮ್ಮ ತಮ್ಮನಿಗೆ ಅಮ್ಮನ ಪುಸ್ತಕ ಅಂದ್ರೆ ಆಗಲ್ಲ ಅಂತ ನೀವೇ ಹೇಳಿದ್ರಿ. ಆಗದೇ ಇರೋರು ಹೇಳಿದ್ರೆ ಯಾರೂ ಅಲ್ಲಗಳೆಯೋಕಾಗಲ್ಲ."

ಜಾಣೆ. ನಿನ್ನ ಕೋಪವೇ ಅಮ್ಮನಿಗೆ ಸಾಕ್ಷಿ ಎಂದಾಯಿತು.

ನೀನು ಅಮ್ಮನ ಕಾದಂಬರಿ ಓದಿಲ್ಲ, ಅದಕ್ಕೆ ಕೊನೆಯ ಪುಟದಲ್ಲಿ ಏನಿದೆ ಎಂದು ಹೇಳುತ್ತೇನೆ. ಒಬ್ಬ ಹೆಂಗಸು ಒಂದು ಮುಚ್ಚಿದ ಬಾಗಿಲ ಮುಂದೆ ಬರುತ್ತಾಳೆ, ಕೈಯಲ್ಲಿ ಚೀಲ. ಒಳಗೆ ತನ್ನ ಮಾತೇ ನಡೆಯುತ್ತಿರುವುದು ಕೇಳಿಸುತ್ತದೆ. ಬಾಗಿಲು ತಟ್ಟುವುದಿಲ್ಲ, ಚೀಲವನ್ನು ಹೊಸ್ತಿಲಿಗೆ ಒರಗಿಸಿ ಇಟ್ಟು ಮೆಟ್ಟಿಲಿಳಿದು ಹೋಗುತ್ತಾಳೆ. ಅಷ್ಟೇ. ಮೇಷ್ಟ್ರ ಕಾದಂಬರಿಯಲ್ಲಿ ಹಾಗೆ ಬಂದು ಹೋಗುವವನು ಗಂಡಸು, ಇಪ್ಪತ್ತು ವರ್ಷದ ಮೇಲೆ ತಾನು ಹುಟ್ಟಿದ ಮನೆಗೆ ಬಂದವನು, ಅವನ ಕೈಯಲ್ಲಿ ಚೀಲ ಇಲ್ಲ. ಮಿಕ್ಕದ್ದು ಒಂದೇ. ಪಕ್ಕ ಪಕ್ಕ ಇಟ್ಟರೆ ಯಾರಾದರೂ ಕದ್ದದ್ದು ಎಂದೇ ಅಂದುಕೊಳ್ಳುತ್ತಾರೆ, ನಾನೇ ಅಂದುಕೊಳ್ಳುತ್ತಿದ್ದೆ.

ಆದರೆ ಅಮ್ಮ ಅದನ್ನು ಓದಿಲ್ಲ ಎಂದು ನನಗೆ ಹೇಗೆ ಗೊತ್ತು ಎಂದರೆ, ವಾರಪತ್ರಿಕೆ ಬಂದ ದಿನ ನಾನು ಮನೆಯಲ್ಲಿದ್ದೆ. ಹದಿನೇಳು ವರ್ಷ. ಅಮ್ಮ ಅದನ್ನು ಎರಡು ಸಲ ಓದಿ ಮಡಿಸಿ, ಪೆಟ್ಟಿಗೆಯ ಬೀಗದ ಕೈಯನ್ನು ನನಗೆ ಕೊಟ್ಟು, "ಮೇಷ್ಟ್ರ ಪುಸ್ತಕ ತೆಗೆದು ಕೊನೇಲಿ ಏನಿದೆ ಅಂತ ಓದಿ ಹೇಳೇ. ನಾನು ಮುಟ್ಟಲ್ಲ" ಎಂದಳು. ನಿನ್ನ ಮೊದಲ ಆಪರೇಷನ್ನಿನ ದಿನ ಆಣೆ ಮಾಡಿದ್ದಳಂತೆ, ಕಾಲು ಕತ್ತರಿಸದೆ ಉಳಿದರೆ ಆ ಪುಸ್ತಕವನ್ನು ಇನ್ನು ತೆರೆಯುವುದಿಲ್ಲ ಎಂದು. ಕೊನೆಯ ಸಲ ತೆರೆದು ತಾರೀಕು ಬರೆದಿಟ್ಟದ್ದು ಆಗ. ನಾನು ಗಟ್ಟಿಯಾಗಿ ಓದಿದೆ. ಅಮ್ಮ ಮಡಿಲಲ್ಲಿ ಕೈಯಿಟ್ಟುಕೊಂಡು ಕೇಳಿದಳು. ಮುಗಿದ ಮೇಲೆ, "ನನಗಿಂತ ಚೆನ್ನಾಗಿ ಬರ್ದಿದ್ದಾರೆ ಕಣೇ" ಎಂದಳು. ಅಷ್ಟೇ ಅವಳ ವಾದ, ಪ್ರತಿವಾದ ಎಲ್ಲ.

ಆಣೆ ಮಾಡಿದ ಸಂಗತಿಯನ್ನು ನೀನು ಇವತ್ತೇ ಮೊದಲು ಕೇಳುತ್ತಿರಬೇಕು. ಅವಳು ಹೇಳಬಾರದು ಎಂದಿದ್ದಳು. ಕಾಲು ಉಳಿಯಿತಲ್ಲ ಗುಂಡ, ಡೊಂಕಾದರೂ ಉಳಿಯಿತು.

ಎರಡು ಸಾಲು ಬರೆ. ಅಮ್ಮನನ್ನು ಕ್ಷಮಿಸು ಎನ್ನುತ್ತಿಲ್ಲ. "ಅರ್ಧ ವೃತ್ತ ನನ್ನ ಗುರುತು, ನಾನು ಎಬ್ಬಿಸಿದಾಗ ಹಾಕುತ್ತಿದ್ದಳು" ಎಂದು ಬರೆದು ಸಹಿ ಮಾಡಿದರೆ ಸಾಕು. ಅಮ್ಮ ಇನ್ನೊಂದು ಸಲ, ಅದೂ ದೀಪ ಹಾಕಿ ಗಾಜು ಮುಚ್ಚಿ, ಕಳ್ಳಿ ಎನಿಸಿಕೊಳ್ಳುವುದನ್ನು ನಾನು ನೋಡಲಾರೆ.

ಮಂಡಿಗೆ ಬಿಸಿ ಶಾಖ ಕೊಡು. ಮಕ್ಕಳಿಗೆ ಅತ್ತೆಯ ಆಶೀರ್ವಾದ.

ನಿನ್ನ
ಅಕ್ಕ


ಮಾರ್ಚ್ ೩, ಸೋಮವಾರ

ಪ್ರೀತಿಯ ಗುಂಡ,

ನಿನ್ನಿಂದ ಕಾಗದ ಬರಲಿಲ್ಲ. ಇಪ್ಪತ್ತಾರರವರೆಗೆ ಅಂಚೆಯವನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆ, ಅವನು ನನ್ನನ್ನು ಕಂಡರೆ ಸೈಕಲ್ ಆಚೆ ತಿರುಗಿಸುವ ಹಾಗಾಯಿತು. ಇರಲಿ. ಈ ಕಾಗದವನ್ನೂ ನಾಲ್ಕು ದಿನದಿಂದ ಬರೆಯುತ್ತೇನೆ ಬರೆಯುತ್ತೇನೆ ಎಂದು ಮುಂದೂಡಿದ್ದೇನೆ, ತಪ್ಪು ನನ್ನದೂ ಇದೆ.

ಇಪ್ಪತ್ತೇಳರ ಗುರುವಾರ ಬೆಳಿಗ್ಗೆ ಹುಡುಗಿ ಫೋನ್ ಮಾಡಿ, "ಬನ್ನಿ, ಮೇಷ್ಟ್ರ ಮಗ ಬಂದಿದ್ದಾರೆ, ನೀವೇ ಹೇಳಿ" ಎಂದಳು. ಹೋದೆ. ಮೊದಲ ಕೋಣೆಗೆ ಕಾಲಿಟ್ಟವಳು ಅಲ್ಲೇ ನಿಂತೆ. ಏಣಿಯ ಮೇಲೆ ಒಬ್ಬ ಪೇಂಟರ್, ಗೋಡೆಯ ತುಂಬ ಆ ತಾರೀಕು, ಒಂದೊಂದು ಅಂಕಿಯೂ ನನಗಿಂತ ಎತ್ತರ. ಅಂಚುಗಳಿಗೆ ಎರಡನೇ ಸಲ ಬಣ್ಣ ಕೊಡುತ್ತಿದ್ದ. "ದಾರಿ ಬಿಡಿ ಅಮ್ಮ, ಸೀರೆಗೆ ಬಣ್ಣ ಆಗುತ್ತೆ" ಎಂದ. ಸರಿಯಲು ಹೋಗಿ ಗೋಡೆ ಹಿಡಿದೆ, ಅದೇ ಹಸಿ ಗೋಡೆ. ಕೈಯೆಲ್ಲ ಬಣ್ಣವಾಯಿತು.

ಮೇಷ್ಟ್ರ ಮಗ ಕೆಟ್ಟ ಮನುಷ್ಯನಲ್ಲ. ಎಪ್ಪತ್ತು ವರ್ಷ, ಊರುಗೋಲು, ತಂದೆಯ ಮೂಗು. ನಾನು ಹೇಳಿದ್ದನ್ನೆಲ್ಲ ಕೇಳಿ, "ತಾಯಿ, ನಮ್ಮ ತಂದೆಯ ನೆರಳಲ್ಲಿ ನಿಂತರೆ ಅದು ಗೌರವ ಅಲ್ವಾ? ಅದನ್ನ ಯಾಕೆ ಕೊಡವಿಕೊಳ್ತೀರಿ?" ಎಂದರು.

"ನೆರಳಲ್ಲಿ ನಿಂತಿದ್ರೆ ಗೌರವ. ನಿಲ್ಲದೇ ಇದ್ದೋಳನ್ನ ಎಳೆದು ತಂದು ನಿಲ್ಲಿಸಿದ್ರೆ?" ಎಂದೆ. ನನ್ನ ಬಾಯಿ ನಿನಗೆ ಗೊತ್ತಲ್ಲ.

ಅವರು ಊರುಗೋಲನ್ನು ನೆಲಕ್ಕೆ ಊರಿ ಎದ್ದು ನಿಂತರು. "ನೀವು ಹೇಳಿದ್ದಕ್ಕೆ ನಿಮ್ಮದು ಬಿಟ್ಟು ಇನ್ನೊಂದು ಸಾಕ್ಷಿ ಕೊಡಿ, ನಾನೇ ಫಲಕ ಬದಲಾಯಿಸಿ ಅಂತೀನಿ. ಇಲ್ಲದಿದ್ರೆ ನನ್ನ ತಂದೆಯ ಹಾಳೆಗಳನ್ನ ಇವತ್ತೇ ಕಟ್ಟಿಕೊಂಡು ಹೋಗ್ತೀನಿ." ಹುಡುಗಿಯ ಮುಖ ಬಿಳುಚಿಕೊಂಡಿತು. ಅವಳು ಕೊನೆಯ ಫಲಕ ಒಂದನ್ನು ಮಾತ್ರ ತಡೆಹಿಡಿಯುತ್ತೇನೆ, ಶುಕ್ರವಾರದವರೆಗೆ ಸಮಯ ಕೊಡಿ ಎಂದು ಬೇಡಿಕೊಂಡಳು. ಅವರು ಒಪ್ಪಿದರು. ಅಂದರೆ ಈ ಶುಕ್ರವಾರ, ಏಳನೇ ತಾರೀಕು. ಮಾರನೇ ದಿನ ಉದ್ಘಾಟನೆ.

ಅವರು ಹೋದ ಮೇಲೆ ಹುಡುಗಿ ನನಗೆ ಟೀ ತಂದುಕೊಟ್ಟಳು, ಕೈಯ ಬಣ್ಣಕ್ಕೆ ಸೀಮೆಎಣ್ಣೆಯ ಬಟ್ಟೆ ತಂದುಕೊಟ್ಟಳು. ಎದುರಿಗೆ ಆ ಪುಸ್ತಕ ತೆರೆದಿಟ್ಟುಕೊಂಡು ಏನೋ ಯೋಚಿಸುತ್ತ ಕೂತಿದ್ದವಳು, ಇದ್ದಕ್ಕಿದ್ದಂತೆ ಕೇಳಿದಳು.

"ಅಮ್ಮ, ಗುರುತು ಹಾಕ್ತಾ ಇದ್ದದ್ದು ಓದು ನಿಲ್ಲಿಸಿ ಏಳೋವಾಗ, ಅಲ್ವಾ?"

"ಹೌದು."

"ಪುಸ್ತಕ ಮುಚ್ಚಿ?"

"ಹೌದಮ್ಮ."

"ಮರ ಬಿದ್ದ ಸದ್ದು ಕೇಳಿ, ಮಗ ಕೂಗಿದ್ದು ಕೇಳಿ ಓಡಿಹೋಗೋ ತಾಯಿ ಪೆನ್ಸಿಲ್ ಹುಡುಕಿ ಗುರುತು ಹಾಕಲ್ಲ. ಅಂದ್ರೆ ಈ ಗುರುತು ಅದಕ್ಕಿಂತ ಮೊದಲು ಹಾಕಿದ್ದು. ಅಪಘಾತ ಆದಾಗ ಪುಸ್ತಕ ಮುಚ್ಚಿತ್ತು. ನಿಮ್ಮಮ್ಮ ಓದ್ತಾ ಇರಲಿಲ್ಲ."

ನಾನು ಬೆರಳ ಸಂದಿನ ಬಣ್ಣ ಉಜ್ಜುತ್ತಲೇ ಇದ್ದೆ.

"ಹಾಗಾದ್ರೆ ಆಗ ನಿಮ್ಮ ತಮ್ಮ ಯಾರ ಹತ್ರ ಇದ್ದ?"

ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಎದ್ದುಬಂದೆ. ಬಸ್ಸು ಇದ್ದದ್ದು ಮುಕ್ಕಾಲು ಗಂಟೆಯ ಮೇಲೆ. ಅಂಗಡಿಗೆ ಬಂದು ಒಬ್ಬರ ಕೋಟಿನ ತೋಳನ್ನು ತಿರುಗುಮುರುಗು ಹೊಲಿದಿಟ್ಟೆ, ನಲವತ್ತು ವರ್ಷದಲ್ಲಿ ಮೊದಲ ಸಲ.

ಶನಿವಾರ ಒಂದು ಹೇಳಿಕೆ ಬರೆದೆ. ಒಂದೂವರೆ ಪುಟ. ಲಕೋಟೆಗೆ ಹಾಕಿ ಅಂಟಿಸಿ ಹುಡುಗಿಗೆ ಕೊಟ್ಟು, "ಇದರಲ್ಲಿ ನಿನ್ನ ಪ್ರಶ್ನೆಗೆ ಉತ್ತರ ಇದೆ. ಮೇಷ್ಟ್ರ ಮಗ ಇದನ್ನ ಅಲ್ಲಗಳೆಯಲ್ಲ, ಯಾರೂ ತಮ್ಮ ಮೇಲೆ ತಾವೇ ಇಂಥದ್ದು ಬರ್ಕೊಳ್ಳಲ್ಲ. ಆದ್ರೆ ನನ್ನ ತಮ್ಮ ನಿನಗೆ ಫೋನ್ ಮಾಡಿ ಹೂಂ ಅನ್ನೋವರೆಗೂ ತೆಗೀಬೇಡ" ಎಂದೆ. ಅವಳು ಅದನ್ನು ಪುಸ್ತಕ ಇಡುವ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ತಾರೀಕಿನ ಗೋಡೆಯನ್ನು ಆವತ್ತೇ ಬಿಳಿ ಬಣ್ಣ ಬಳಿಸಿದ್ದಾಳೆ, "ಅದು ನಿಮ್ಮ ತಮ್ಮಂದು, ನನ್ನದಲ್ಲ" ಎಂದಳು. ಮೂರು ಪದರ ಬಳಿದರೂ ಕೆಳಗಿನದು ಮಸುಕಾಗಿ ಕಾಣುತ್ತದೆಂದು ಪೇಂಟರ್ ಗೊಣಗುತ್ತಿದ್ದ.

ಆದ್ದರಿಂದ ಇನ್ನು ನಿನ್ನ ಸಾಕ್ಷಿ ಬೇಡ, ಸಹಿ ಬೇಡ. ಒಂದು ಫೋನ್ ಸಾಕು, ಹೂಂ ಅಥವಾ ಊಹೂಂ. ಅವಳ ನಂಬರನ್ನು ಬೇರೆ ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ. ನೀನು ಊಹೂಂ ಎಂದರೆ ಲಕೋಟೆಯನ್ನು ಹಾಗೇ ವಾಪಸ್ ಕೊಡುತ್ತಾಳೆ, ಗೋಡೆಯ ಮೇಲೆ ಪಡಿನೆರಳು ಎಂದೇ ಬರುತ್ತದೆ, ನಾನು ನಿನ್ನನ್ನು ಒಂದು ಮಾತು ಅನ್ನುವುದಿಲ್ಲ.

ನೀನೂ ನಿನ್ನ ಹೆಂಡತಿ ಮಕ್ಕಳೂ ಸುಖವಾಗಿರಿ. ನಿನ್ನ ಕಾಲಿಗೆ ನೋವು ಕೊಡುವ ಚಳಿ ಬೇಗ ಮುಗಿಯಲಿ. ನನ್ನ ಆಶೀರ್ವಾದ ನಿನಗೆ ಯಾವತ್ತೂ ಇದೆ, ಬೇಕೆನಿಸಿದರೆ ಇಟ್ಟುಕೋ.

ನಿನ್ನ
ಅಕ್ಕ

ತಾ.ಕ. ಈ ಕಾಗದಕ್ಕೆ ಸಹಿ ಹಾಕಿ ಲಕೋಟೆಗೆ ಸೇರಿಸಿಬಿಟ್ಟಿದ್ದೆ, ಮತ್ತೆ ಹೊರಗೆ ತೆಗೆದೆ. ಹೊರಗಿನವಳಿಗೆ ಒಂದೂವರೆ ಪುಟ ಬರೆದುಕೊಟ್ಟು ನಿನ್ನನ್ನು ಬರೀ ಹೂಂ ಎನ್ನು ಎಂದರೆ ಹೇಗೆ?

ಆವತ್ತು ನೀನು ಹೊರಗೆ ಹೋಗಬೇಕೆಂದು ಅಮ್ಮನ ಕೈ ಹಿಡಿದು ಎಳೆದೆ. ಅವಳು ಅರ್ಧ ಬಳೆ ಬರೆದು ಪುಸ್ತಕ ಮುಚ್ಚಿ ನನ್ನನ್ನು ಕರೆದಳು. "ಇವನ ಕೈ ಬಿಡಬೇಡ, ನಾನು ಒಲೆ ಆರಿಸಿ ಬರ್ತೀನಿ" ಎಂದಳು. ನಾನು ನಿನ್ನನ್ನು ಓಣಿಗೆ ಕರೆದುಕೊಂಡು ಹೋದೆ. ಎದುರು ಮಹಡಿಯಿಂದ ಗೆಳತಿ ಕೂಗಿದಳು, ಅವರ ಬೆಕ್ಕು ಮರಿ ಹಾಕಿತ್ತು. ನಿನ್ನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಮರದ ರಾಶಿಯ ಮೇಲೆ ಕೂರಿಸಿದೆ. ಕೂರಿಸಿದವಳು ನಾನೇ ಗುಂಡ. ಅಲ್ಲಿಂದ ನೀನು ಇಳಿಯಲಾರೆ, ಎಲ್ಲೂ ಹೋಗಲಾರೆ ಎಂದುಕೊಂಡೆ. ಐದು ಮರಿಗಳಿದ್ದವು. ಮೂರನೆಯದನ್ನು ಎತ್ತಿಕೊಂಡಿದ್ದಾಗ ಸದ್ದು ಕೇಳಿಸಿತು.

ಸಂಜೆ ಅಪ್ಪ ಕೇಳಿದರು. "ಅಮ್ಮ ಓದ್ತಾ ಇದ್ಲು, ಅವನು ಅವಳ ಹತ್ರಾನೇ ಇದ್ದ" ಎಂದೆ. ಅಮ್ಮ ಅಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ತಲೆ ತಗ್ಗಿಸಿದಳು. ಆಮೇಲೆ ಆಸ್ಪತ್ರೆಯಲ್ಲಿ ಬಂದವರೆಲ್ಲ ನಿನ್ನ ಹಾಸಿಗೆಯ ಪಕ್ಕದಲ್ಲೇ ಅದೇ ಮಾತಾಡಿದರು. ನೀನು "ಅಮ್ಮ ಬೇಡ, ಅಕ್ಕ ಇರ್ಲಿ" ಎಂದು ಅತ್ತೆ, ನನ್ನ ಕೈ ಹಿಡಿದುಕೊಂಡು ಅತ್ತೆ. ಬಾಗಿಲಿಗೆ ಸಣ್ಣ ಗಾಜಿತ್ತು. ಅಮ್ಮ ನಿನ್ನ ಬಟ್ಟೆಯ ಚೀಲ ಹಿಡಿದು ಆಚೆ ನಿಂತಿದ್ದಳು. ಚೀಲ ಕೆಳಗಿಟ್ಟು ಹೋದಳು. ನಾನು ನೋಡಿದೆ, ಕರೆಯಲಿಲ್ಲ.

ಆರು ವರ್ಷದ ಮೇಲೆ ಅವಳ ಕಾದಂಬರಿಯ ಕೊನೆಯ ಪುಟ ಓದಿದಾಗ ನನಗೆ ಗೊತ್ತಾಯಿತು. ಆ ಪುಟ ಅವಳಿಗೆ ಮೇಷ್ಟ್ರು ಕೊಟ್ಟದ್ದಲ್ಲ, ನಾನು ಕೊಟ್ಟದ್ದು. ವಾರಪತ್ರಿಕೆಯವನು ಕಳ್ಳಿ ಎಂದಾಗ "ಇದು ನನ್ನ ಬದುಕಿನಲ್ಲಿ ನಡೆದದ್ದು" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದ್ದರೆ ಯಾವಾಗ, ಯಾಕೆ ಎಂದು ನೀನೂ ಅಪ್ಪನೂ ಕೇಳುತ್ತಿದ್ದಿರಿ. ಅಮ್ಮ ಸಾಯುವವರೆಗೂ ಬಾಯಿ ಬಿಡಲಿಲ್ಲ, ನನ್ನನ್ನು ಉಳಿಸಲು. ನಾನೂ ಬಿಡಲಿಲ್ಲ, ನನ್ನನ್ನೇ ಉಳಿಸಿಕೊಳ್ಳಲು.